ಕೈಚೀಲದ ತಳದ ಹೊಲಿಗೆ

ದಾವಣಗೆರೆಯ ಮಾರುಕಟ್ಟೆಗೆ ದಿನವೂ ಒಯ್ಯುವ ಬಟ್ಟೆಚೀಲವನ್ನು ಮೊನ್ನೆ ಒಳಮೈ ಹೊರಗೆ ಮಾಡಿ ಕೊಡವಿದೆ. ತಳದ ಹೊಲಿಗೆಯಿಂದ ಉದುರಿದ್ದು ಈರುಳ್ಳಿ ಸಿಪ್ಪೆ, ಒಣಗಿದ ಕೊತ್ತಂಬರಿ ಎಲೆ, ನಾಲ್ಕಾರು ಕಾಳು ಮಂಡಕ್ಕಿ. ಯಾವಾಗಲೋ ಒಡೆದ ಟೊಮೆಟೊದ ಕಲೆ ಮಾತ್ರ ಅಲ್ಲೇ ಇತ್ತು. ಪ್ಲಾಸ್ಟಿಕ್ ಬಿಟ್ಟೆನೆಂದು ಬೀಗುತ್ತಿದ್ದವನಿಗೆ ಚೀಲ ಒಗೆದ ನೆನಪೇ ಇಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ, ಅರಿಜೋನಾಗಳಲ್ಲಿ ಗ್ರಾಹಕರ 84 ಚೀಲಗಳನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟರಲ್ಲಿ ಕೊಳೆಯ ಸೂಚಕವೆನಿಸಿದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸಿಕ್ಕಿತು. ಮಾಂಸದ ರಸ ತಾಗಿದ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಎರಡು ಗಂಟೆ ಇಟ್ಟರೆ ಬ್ಯಾಕ್ಟೀರಿಯಾ ಹತ್ತು ಪಟ್ಟಾಯಿತು. ಅಧ್ಯಯನಕ್ಕೆ ಹಣ ಕೊಟ್ಟದ್ದು ಪ್ಲಾಸ್ಟಿಕ್ ತಯಾರಕರೂ ಸೇರಿರುವ ರಾಸಾಯನಿಕ ಉದ್ಯಮದ ಸಂಘ ಎಂಬುದನ್ನೂ ಮರೆಯಬಾರದು. ಆದರೆ ಒಗೆದ ಚೀಲದಲ್ಲಿ ಶೇ 99.9ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಹೋಗುತ್ತದೆ ಎಂದದ್ದೂ ಅದೇ ಅಧ್ಯಯನ. ಕೈಯಲ್ಲಿ ಒಗೆದರೂ ಸಾಕು.

ಪರಿಸರದ ಲೆಕ್ಕ ಇನ್ನೂ ತೊಡಕಿನದು. ಪ್ಲಾಸ್ಟಿಕ್ ಕವರ್ ಕೆಲವೇ ಗ್ರಾಂ ತೂಗುತ್ತದೆ. ಹತ್ತಿಗೆ ಹೊಲದಲ್ಲಿ ನೀರು, ಗೊಬ್ಬರ, ಕೀಟನಾಶಕ, ಆಮೇಲೆ ಮಿಲ್ಲಿನ ವಿದ್ಯುತ್ತು ಬೇಕು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಹಾಕಿದ ಲೆಕ್ಕದಂತೆ, ತಾಪಮಾನ ಏರಿಕೆಯ ದೃಷ್ಟಿಯಿಂದ ಹತ್ತಿಚೀಲ ತೆಳು ಪ್ಲಾಸ್ಟಿಕ್ ಕವರಿಗೆ ಸಮನಾಗಲು 131 ಸಲ ಬಳಕೆಯಾಗಬೇಕು. ವಾರಕ್ಕೆರಡು ಸಂತೆಯೆಂದರೆ ಒಂದೂಕಾಲು ವರ್ಷ. ಸಮಾರಂಭಗಳಲ್ಲಿ ಹಂಚುವ, ಬೀರುವಿನಲ್ಲಿ ಮಡಿಸಿಟ್ಟ ಹೊಸ ಹತ್ತಿಚೀಲಗಳು ಈ ಲೆಕ್ಕದಲ್ಲಿ ನಷ್ಟದ ಬಾಬತ್ತು.

ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧಿಸಿದ ಮೇಲೂ ಅಂಗಡಿಗಳಲ್ಲಿ ಬಟ್ಟೆಯಂತೆ ಕಾಣುವ ಒಂದು ಚೀಲ ಕೈಗೆ ಬರುತ್ತದೆ. ಅದರ ಎಳೆಯೊಂದನ್ನು ದೀಪಕ್ಕೆ ಹಿಡಿದೆ: ಹತ್ತಿಯಂತೆ ಬೂದಿಯಾಗದೆ, ಕರಗಿ ಗಟ್ಟಿ ಮಣಿಯಾಯಿತು. ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಬ್ರಿಟನ್ನಿನ ಲೆಕ್ಕದಲ್ಲಿ ಇದಕ್ಕೆ 11 ಬಳಕೆ ಸಾಕು. ನಮ್ಮಲ್ಲಿ ಬರುವ ತೆಳುವಾದದ್ದರ ಕೈ ಮೂರನೆಯ ಸಂತೆಗೇ ಕಿತ್ತುಬರುತ್ತದೆ.

ಇಷ್ಟಾದರೂ ಆ 131ರ ಲೆಕ್ಕ ಬೀದಿಗೆ ಇಳಿಯುವುದಿಲ್ಲ. ಉಳಿದ ಅನ್ನದ ಸಮೇತ ಕವರ್ ನುಂಗಿದ ಹಸುವಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಜೀರ್ಣವಾಗದೆ ಮುದ್ದೆಗಟ್ಟುವುದಾಗಲಿ, ಚರಂಡಿ ಕಟ್ಟುವುದಾಗಲಿ ಅದರಲ್ಲಿಲ್ಲ.

ನನ್ನ ಚೀಲ ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ ಅಮ್ಮ ಹೊಲಿದದ್ದು. ಅದರ ಹತ್ತಿಯ ಖರ್ಚು ಪ್ಯಾಂಟಿನ ಖಾತೆಯಲ್ಲೇ ತೀರಿದೆ. ಇನ್ನೊಂದು ಕಾಲಿನ ಚೀಲ ಈಗ ಮಾಂಸಕ್ಕೆ ಮೀಸಲು. ಎರಡೂ ಒಳಮೈ ಹೊರಗಾಗಿ ತಂತಿಯ ಮೇಲೆ ಬಿಸಿಲು ಕಾಯಿಸುತ್ತಿವೆ.