ಕ್ವೇಕರರಲ್ಲಿ ಪಾದ್ರಿಯೇ ಇಲ್ಲವಲ್ಲ, ಕಾದಂಬರಿಗೆ ಎಲ್ಲಿಂದ ಬಂದ?

ಓದುಗರ ಪ್ರಶ್ನೆ: ಅಮೆರಿಕದ ಪುಟ್ಟ ಊರೊಂದರ ಕ್ವೇಕರ್ ಪಾದ್ರಿಯ ಬದುಕಿನ ಬಗ್ಗೆ ಹಾಸ್ಯ ಕಾದಂಬರಿಗಳನ್ನು ಓದುತ್ತಿದ್ದೇನೆ. ಕ್ವೇಕರರಿಗೆ ಪಾದ್ರಿಗಳಿಲ್ಲ, ಮೌನವಾಗಿ ಕೂತು ಆರಾಧಿಸುತ್ತಾರೆ ಎಂದು ಕೇಳಿದ್ದೆ. ಈ ಪಾದ್ರಿ ಬರೀ ಕಲ್ಪನೆಯೇ? ಸಣ್ಣ ಸಣ್ಣ ವಿಷಯಕ್ಕೂ ಆ ಸಭೆಯವರು ತಿಂಗಳುಗಟ್ಟಲೆ ಎಳೆದಾಡುವುದೇಕೆ?

ಉತ್ತರ: ಕಲ್ಪನೆಯಲ್ಲ. ನೀವು ಕೇಳಿದ್ದೂ ಸುಳ್ಳಲ್ಲ. ಕ್ವೇಕರರೆಂಬ ಈ ಕ್ರೈಸ್ತ ಪಂಥದಲ್ಲಿ ಎರಡು ಪದ್ಧತಿಗಳಿವೆ. ಇಂಗ್ಲೆಂಡಿನಲ್ಲಿ, ಫಿಲಡೆಲ್ಫಿಯಾದ ಸುತ್ತಮುತ್ತ ಹಳೆಯ ರೀತಿ ನಡೆಯುತ್ತದೆ: ಪಾದ್ರಿಯಿಲ್ಲ, ಹಾಡಿಲ್ಲ, ಸುಮಾರು ಒಂದು ಗಂಟೆಯ ಮೌನ. ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡಿ ಕೂರುತ್ತಾರೆ. ಇಂಡಿಯಾನಾ, ಅಯೋವಾ, ಉತ್ತರ ಕೆರೊಲಿನಾ ಕಡೆ ಪಾದ್ರಿ ಇರುವ ಸಭೆಗಳು ಬೇಕಾದಷ್ಟಿವೆ. ಇವತ್ತು ಅತಿ ಹೆಚ್ಚು ಕ್ವೇಕರರಿರುವುದು ಕೆನ್ಯಾದಲ್ಲಿ. 1902ರಲ್ಲಿ ಅಲ್ಲಿನ ಕೈಮೋಸಿಯಲ್ಲಿ ಮಿಷನ್ ಶುರುಮಾಡಿದವರು ಅಮೆರಿಕದ ಪಾದ್ರಿ ಪದ್ಧತಿಯ ಕ್ವೇಕರರು, ಹಾಗಾಗಿ ಅಲ್ಲೂ ಪಾದ್ರಿಗಳಿದ್ದಾರೆ. ಲೆಕ್ಕಕ್ಕೆ ತೆಗೆದುಕೊಂಡರೆ ಜಗತ್ತಿನ ಬಹುಪಾಲು ಕ್ವೇಕರರು ಪಾದ್ರಿ ಇರುವ ಸಭೆಯವರೇ.

ನೀವು ಓದುತ್ತಿರುವುದು ಫಿಲಿಪ್ ಗಲ್ಲಿಯವರ ‘ಹಾರ್ಮನಿ’ ಮಾಲೆ ಇರಬೇಕು. ಆ ಊರು, ಅಲ್ಲಿನ ಪಾದ್ರಿ ಸ್ಯಾಮ್ ಗಾರ್ಡ್ನರ್ ಕಲ್ಪಿತ. ಬರೆದವರು ಸ್ವತಃ ಇಂಡಿಯಾನಾದ ಕ್ವೇಕರ್ ಪಾದ್ರಿ. ಆದ್ದರಿಂದಲೇ ಸಭೆಯ ಕಟ್ಟುಕಟ್ಟಳೆ ಗೊತ್ತಿದ್ದರೆ ಆ ನಗು ಇನ್ನಷ್ಟು ದಕ್ಕುತ್ತದೆ.

17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಈ ಪಂಥ ಕಟ್ಟಿದಾಗ ಸಂಬಳದ ಪಾದ್ರಿಯನ್ನು ಕಟುವಾಗಿ ವಿರೋಧಿಸಿದ್ದರು. ದೇವರ ಬೆಳಕು ಪ್ರತಿಯೊಬ್ಬರೊಳಗೂ ಇರುವಾಗ ನಡುವೆ ಇನ್ನೊಬ್ಬರೇಕೆ ಎಂಬುದು ಅವರ ವಾದ. ಸರ್ಕಾರಿ ಚರ್ಚಿಗೆ ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ಕೊಡಲೊಪ್ಪದೆ ದನಕರು, ಪಾತ್ರೆಪಗಡ ಜಪ್ತಿಯಾದರೂ, ಜೈಲಿಗೆ ಹೋದರೂ ಆ ಕಾಲದ ಕ್ವೇಕರರು ಜಗ್ಗಲಿಲ್ಲ. ಅಂಥವರ ಸಂತಾನ ಪಾದ್ರಿಗೆ ಸಂಬಳ ಕೊಡುವಂತಾದದ್ದು ಹೇಗೆ?

ಗುಲಾಮಗಿರಿಯ ನೆಲದಲ್ಲಿ ಇರಲೊಲ್ಲದೆ ಉತ್ತರ ಕೆರೊಲಿನಾದ ಕ್ವೇಕರ್ ಕುಟುಂಬಗಳು 19ನೇ ಶತಮಾನದ ಆರಂಭದಲ್ಲಿ ಗಾಡಿ ಕಟ್ಟಿಕೊಂಡು ಇಂಡಿಯಾನಾಕ್ಕೆ ಬಂದವು. 1821ರಲ್ಲಿ ಇಂಡಿಯಾನಾ ವಾರ್ಷಿಕ ಸಭೆ, ಅಂದರೆ ಆ ಭಾಗದ ಊರ ಸಭೆಗಳ ಒಕ್ಕೂಟ, ಸ್ಥಾಪನೆಯಾಯಿತು, ರಿಚ್ಮಂಡ್ ಅವರ ಮುಖ್ಯ ಊರಾಯಿತು. ಅಂತರ್ಯುದ್ಧದ ನಂತರ, 1860-70ರ ದಶಕಗಳಲ್ಲಿ, ಅಲ್ಲಿ ಜನರ ಭಕ್ತಿಯನ್ನು ಬಡಿದೆಬ್ಬಿಸುವ ಉಜ್ಜೀವನ ಕೂಟಗಳ ಅಲೆ ಎದ್ದಿತು. ಹೊಸಬರು ಗುಂಪುಗುಂಪಾಗಿ ಸೇರಿದರು. ಮೌನದಲ್ಲಿ ಕೂರುವುದು ತೊಟ್ಟಿಲಿನಿಂದ ಬಂದವರಿಗೆ ಸರಿ, ನಿನ್ನೆ ಸೇರಿದವರಿಗೆ ಕಲಿಸಿಕೊಡುವವರು, ಕಾಯಿಲೆ ಬಿದ್ದರೆ ಮನೆಗೆ ಬಂದು ವಿಚಾರಿಸುವವರು ಬೇಕಿತ್ತು. ಕೂಟಕ್ಕೆ ಬಂದ ಬೋಧಕರಲ್ಲಿ ಕೆಲವರನ್ನು ಸಭೆಗಳು ಅಲ್ಲೇ ಉಳಿಸಿಕೊಂಡವು, ಹೊಟ್ಟೆಪಾಡಿಗೆ ಇಷ್ಟು ಅಂತ ಕೊಟ್ಟವು. ಇದಕ್ಕೆ ಅವರು ಹುಡುಕಿಕೊಂಡ ಮಾತು ಚೆನ್ನಾಗಿದೆ: ಕೊಡುವ ಹಣ ಬೋಧನೆಯ ಬೆಲೆಯಲ್ಲ, ಬೇರೆ ದುಡಿಮೆಯಿಂದ ಆ ಮನುಷ್ಯನಿಗೆ ಕೊಟ್ಟ ಬಿಡುವು.

ಹಾಗೆ ಬಂದ ಪಾದ್ರಿಗೆ ಅಧಿಕಾರ ಎಷ್ಟು? ಬಹಳ ಕಡಿಮೆ. ಕಾದಂಬರಿಯ ಹಾಸ್ಯದ ಬೇರು ಇರುವುದು ಇಲ್ಲೇ. ನಮ್ಮಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪಾಲಕರನ್ನು ನೇಮಿಸುವುದು, ವರ್ಗ ಮಾಡುವುದು ಬಿಷಪ್ಪರ ಆಡಳಿತದ ಡಯಾಸಿಸ್. ಕ್ವೇಕರರಿಗೆ ಬಿಷಪ್ ಇಲ್ಲ, ಊರಿನ ಸಭೆಯೇ ಕರೆಯುತ್ತದೆ, ಊರಿನ ಸಭೆಯೇ ಕಳಿಸುತ್ತದೆ. ಗುರುದೀಕ್ಷೆಯೂ ಇಲ್ಲ. ಒಬ್ಬರಿಗೆ ಬೋಧಿಸುವ ವರ ಇದೆ ಎಂದು ಸಭೆಗೆ ಮನದಟ್ಟಾದರೆ ಅದನ್ನು ನಡಾವಳಿಯಲ್ಲಿ ದಾಖಲಿಸುತ್ತಾರೆ, ಅಷ್ಟೆ. ಅಂಥವರು ‘ರೆಕಾರ್ಡೆಡ್ ಮಿನಿಸ್ಟರ್’. ವರ ಕೊಟ್ಟವನು ದೇವರು, ಸಭೆ ಬರೆದುಕೊಂಡಿತು ಎಂಬ ಭಾವ.

ಭಾನುವಾರದ ಆರಾಧನೆ ಹೊರನೋಟಕ್ಕೆ ಬೇರೆ ಪ್ರಾಟೆಸ್ಟಂಟ್ ಚರ್ಚುಗಳ ಹಾಗೇ ಇರುತ್ತದೆ: ಹಾಡು, ಪ್ರಾರ್ಥನೆ, ಕಾಣಿಕೆ, ಪಾದ್ರಿಯ ಬೋಧನೆ. ಆದರೆ ನಡುವೆ ಅಥವಾ ಕೊನೆಗೆ ಕೆಲವು ನಿಮಿಷಗಳ ಮೌನವನ್ನು ಉಳಿಸಿಕೊಂಡಿದ್ದಾರೆ, ‘ಓಪನ್ ವರ್ಷಿಪ್’ ಎನ್ನುತ್ತಾರೆ. ಅದು ವಿರಾಮವಲ್ಲ. ಆಗ ಯಾರು ಬೇಕಾದರೂ ಎದ್ದು ಮಾತಾಡಬಹುದು, ಪಾದ್ರಿ ತಡೆಯುವಂತಿಲ್ಲ. ಮಾತಾಡುವ ಮುನ್ನ ‘ಇದು ನನ್ನ ಅನಿಸಿಕೆಯೋ, ಎಲ್ಲರಿಗಾಗಿ ಬಂದ ಮಾತೋ’ ಎಂದು ತನ್ನನ್ನೇ ಕೇಳಿಕೊಳ್ಳಬೇಕು, ಒಬ್ಬರ ಮಾತು ಮುಗಿದ ಮೇಲೆ ಅದು ಇಳಿಯಲು ಸ್ವಲ್ಪ ಹೊತ್ತು ಬಿಡಬೇಕು, ಉತ್ತರ ಕೊಡಬಾರದು. ಕೆಡುವುದು ಈ ಮೂರರಲ್ಲಿ ಒಂದು ತಪ್ಪಿದಾಗ. ಒಬ್ಬರು ಮಂಡಿನೋವಿನ ಸುದ್ದಿ ತೆಗೆಯುತ್ತಾರೆ, ಪಕ್ಕದವರು ತೈಲದ ಹೆಸರು ಹೇಳುತ್ತಾರೆ, ಮೌನ ಅಲ್ಲಿಗೆ ಮುಗಿಯಿತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ತಿಂಗಳಿಗೊಮ್ಮೆ ಸಭೆಯ ವ್ಯವಹಾರಕ್ಕಾಗಿ ಕೂಟ ಸೇರುತ್ತದೆ. ಊರ ಸಭೆಗೇ ‘ಮಂತ್ಲಿ ಮೀಟಿಂಗ್’ ಎಂಬ ಹೆಸರು ಬಂದದ್ದು ಇದರಿಂದ. ಇಲ್ಲಿ ಮತ ಹಾಕುವುದಿಲ್ಲ, ಕೈ ಎತ್ತುವುದಿಲ್ಲ. ನಡೆಸುವವರು ಪಾದ್ರಿಯಲ್ಲ, ಸದಸ್ಯರಲ್ಲೇ ಒಬ್ಬರು ‘ಕ್ಲರ್ಕ್’. ಆಫೀಸಿನ ಗುಮಾಸ್ತ ಎಂದುಕೊಂಡು ಓದಿದರೆ ಇಡೀ ಅಧ್ಯಾಯ ತಲೆಕೆಳಗಾಗುತ್ತದೆ. ಆ ಕೂಟದಲ್ಲಿ ಅತ್ಯಂತ ಹೊಣೆಯ ಕುರ್ಚಿ ಅದು.

ಛಾವಣಿ ಸೋರುತ್ತಿದೆ ಎಂದಿಟ್ಟುಕೊಳ್ಳಿ. ಕಟ್ಟಡ ನೋಡಿಕೊಳ್ಳುವ ಸಮಿತಿ ಅಂದಾಜು ಖರ್ಚು ತಂದು ಓದುತ್ತದೆ. ಸ್ವಲ್ಪ ಹೊತ್ತು ಮೌನ. ಒಬ್ಬರು ತಗಡು ಹಾಕೋಣ ಎನ್ನುತ್ತಾರೆ, ಇನ್ನೊಬ್ಬರು ಮಳೆ ಬಂದಾಗ ತಗಡಿನ ಸದ್ದಿಗೆ ಪ್ರಾರ್ಥನೆ ಕೇಳಿಸುವುದಿಲ್ಲ ಎನ್ನುತ್ತಾರೆ. ಕ್ಲರ್ಕ್ ಎಲ್ಲರನ್ನೂ ಕೇಳಿಸಿಕೊಂಡು, ಸಭೆಯ ಮನಸ್ಸು ಯಾವ ಕಡೆ ವಾಲಿದೆ ಎಂದು ತಿಳಿದು, ಅಲ್ಲೇ ಎರಡು ಸಾಲು ಬರೆಸಿ ಓದುತ್ತಾರೆ: ‘ತಗಡು ಹೊದಿಸಲು ಸಭೆ ಒಪ್ಪಿದೆ. ಬಣ್ಣದ ವಿಷಯ ಮುಂದಿನ ತಿಂಗಳಿಗೆ.’ ‘ಒಪ್ಪಿಗೆ’ ಎಂಬ ದನಿಗಳು ಬಂದರೆ ಆಯಿತು. ಮನಸ್ಸಿಲ್ಲದಿದ್ದರೂ ತಡೆಯಲು ಇಷ್ಟವಿಲ್ಲದವರು ‘ನಾನು ಪಕ್ಕಕ್ಕೆ ನಿಲ್ಲುತ್ತೇನೆ’ ಎನ್ನಬಹುದು. ಇಲ್ಲ, ಇದು ತಪ್ಪು ಎಂದು ಒಬ್ಬರೇ ಗಟ್ಟಿಯಾಗಿ ನಿಂತರೂ ವಿಷಯ ಸಾಮಾನ್ಯವಾಗಿ ಮುಂದಿನ ತಿಂಗಳಿಗೆ ಹೋಗುತ್ತದೆ. ಇಲ್ಲಿ ತಲೆ ಎಣಿಸುವುದಿಲ್ಲ, ಮಾತು ತೂಗುತ್ತಾರೆ. ಅನುಭವಸ್ಥ ಹಿರಿಯರನ್ನು ‘ವೇಯ್ಟಿ ಫ್ರೆಂಡ್’ ಎನ್ನುವುದು ಅದಕ್ಕೇ, ನಾವು ‘ತೂಕದ ಮನುಷ್ಯ’ ಎನ್ನುವ ಹಾಗೆಯೇ. ಕೆಡುವುದೆಲ್ಲಿ ಎಂದರೆ, ಹಠವನ್ನು ಅಂತಃಸಾಕ್ಷಿ ಎಂದು ಒಬ್ಬರು ನಂಬಿಕೊಂಡಾಗ, ಅಥವಾ ಕ್ಲರ್ಕ್ ಅವಸರಪಟ್ಟು ಸುಮ್ಮನಿದ್ದವರನ್ನೆಲ್ಲ ಒಪ್ಪಿದವರೆಂದು ಬರೆದಾಗ. ಪಾದ್ರಿ ಇದೆಲ್ಲವನ್ನೂ ಬೆಂಚಿನ ಮೇಲೆ ಕೂತು ನೋಡಬೇಕು. ನಾಳೆ ಎರಡೂ ಕಡೆಯವರ ಮನೆಗೆ ಹೋಗಬೇಕಾದವರೂ ಅವರೇ.

ನಿಧಾನವೆಂದು ಈ ಕ್ರಮವನ್ನು ಹಗುರವಾಗಿ ಕಾಣಬೇಡಿ. ಫಿಲಡೆಲ್ಫಿಯಾದ ವಾರ್ಷಿಕ ಸಭೆ 1758ರಲ್ಲಿ ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ಸಭೆಯ ಕೆಲಸಗಳಿಂದ ದೂರ ಇಟ್ಟಿತು. ಗುಲಾಮರನ್ನು ಬಿಡದವರ ಸದಸ್ಯತ್ವವನ್ನೇ ತೆಗೆಯುವ ತೀರ್ಮಾನ 1776ರಲ್ಲಿ ಬಂತು, ಅದೂ ಗುಲಾಮಗಿರಿಯನ್ನು ರದ್ದುಮಾಡಿದ ಅಮೆರಿಕದ ಸಂವಿಧಾನ ತಿದ್ದುಪಡಿಗೆ ಸುಮಾರು 90 ವರ್ಷ ಮೊದಲು. ಅದಕ್ಕಾಗಿ ಊರೂರು ತಿರುಗಿ ಒಬ್ಬೊಬ್ಬರ ಮನ ಒಲಿಸಿದ ದರ್ಜಿ ಜಾನ್ ವುಲ್ಮನ್ 1772ರಲ್ಲೇ ತೀರಿಕೊಂಡಿದ್ದರು. ಛಾವಣಿಯ ಬಣ್ಣಕ್ಕೆ ಬಳಸುವುದೂ ಅದೇ ಕ್ರಮ.

ಓದುವಾಗ ಒಂದೆರಡು ಗೊಂದಲ ತಪ್ಪಿಸಿಕೊಳ್ಳಿ. ಗಡ್ಡ, ಟೋಪಿ, ಕುದುರೆಗಾಡಿಯವರು ‘ಆಮಿಷ್’ ಎಂಬ ಬೇರೊಂದು ಕ್ರೈಸ್ತ ಪಂಥದವರು, ಕ್ವೇಕರರಲ್ಲ. ‘ಕ್ವೇಕರ್’ ಹೆಸರಿನ ಓಟ್ಸ್ ಡಬ್ಬಿಯ ಕಂಪನಿಗೂ ಈ ಪಂಥಕ್ಕೂ ಸಂಬಂಧವಿಲ್ಲ. ‘ಫ್ರೆಂಡ್’ ಎಂಬುದು ಗೆಳೆಯ ಎಂದಲ್ಲ, ಪಂಥದ ಸದಸ್ಯರು ಎಂದು. ಪಂಥದ ಅಧಿಕೃತ ಹೆಸರೇ ‘ರಿಲಿಜಸ್ ಸೊಸೈಟಿ ಆಫ್ ಫ್ರೆಂಡ್ಸ್’.

ಊಟದ ಪ್ರಸಂಗಗಳನ್ನು ಮಾತ್ರ ಹಾರಿಸಬೇಡಿ. ಕ್ವೇಕರರಲ್ಲಿ ಸಾಮಾನ್ಯವಾಗಿ ನೀರಿನ ದೀಕ್ಷಾಸ್ನಾನವಿಲ್ಲ, ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರವಿಲ್ಲ. ಕೂಡಿ ಉಣ್ಣುವ ಪ್ರತಿ ಊಟವೂ ಪ್ರಭುಭೋಜನವೇ ಎನ್ನುತ್ತಾರೆ. ಇಂಡಿಯಾನಾದಲ್ಲಿ ಇಂಥ ಊಟಕ್ಕೆ ‘ಪಿಚ್-ಇನ್’ ಎಂದು ಹೆಸರು. ಮನೆಗೊಂದು ಪಾತ್ರೆ ಬರುತ್ತದೆ: ಒಬ್ಬರದು ಹುರುಳಿಕಾಯಿ, ಒಬ್ಬರದು ಪೈ, ಯಾರದಾದರೂ ಒಬ್ಬರದು ಕೋಳಿ ನೂಡಲ್ಸ್ ಇದ್ದೇ ಇರುತ್ತದೆ. ಗಟ್ಟಿ ರಸದಲ್ಲಿ ಬೆಂದ ಆ ನೂಡಲ್ಸನ್ನು, ನಾವು ಅನ್ನಕ್ಕೆ ಸಾರು ಹಾಕಿಕೊಳ್ಳುವ ಹಾಗೆ, ಮಸೆದ ಆಲೂಗಡ್ಡೆಯ ಮೇಲೆ ಸುರಿದುಕೊಳ್ಳುತ್ತಾರೆ. ತಗಡು ಬೇಡವೆಂದವರೂ ಬೇಕೆಂದವರೂ ಅದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿರುತ್ತಾರೆ.