ಅವಕಲ ಸಮೀಕರಣ: ಆ ‘ಸಿ’ ಎಲ್ಲಿ ಕೂರಬೇಕು?

ಎಕ್ಸ್² = 9 ಅಂತ ಕೊಟ್ಟರೆ ನಾವು ಹುಡುಕುವುದು ಒಂದು ಸಂಖ್ಯೆ. 3 ಅಥವಾ −3, ಅಲ್ಲಿಗೆ ಮುಗಿಯಿತು. ವೈ′ = ವೈ ಅಂತ ಕೊಟ್ಟರೆ? ಈಗ ಹುಡುಕಬೇಕಿರುವುದು ಸಂಖ್ಯೆಯಲ್ಲ, ಇಡೀ ಫಂಕ್ಷನ್, ಅಂದರೆ ಪ್ರತಿ ಎಕ್ಸ್‌ಗೂ ಒಂದು ವೈ ಕೊಡುವ ನಿಯಮ. ಯಾವ ಫಂಕ್ಷನ್ನಿನ ಡೆರಿವೇಟಿವ್ ಮತ್ತೆ ಅದೇ ಫಂಕ್ಷನ್ ಆಗಿರುತ್ತದೆ ಅನ್ನುವುದು ಪ್ರಶ್ನೆ. ಹೀಗೆ ಗೊತ್ತಿಲ್ಲದ ಫಂಕ್ಷನ್ನಿನ ಡೆರಿವೇಟಿವ್ ಒಳಗೆ ಬರುವ ಸಮೀಕರಣವೇ ಅವಕಲ ಸಮೀಕರಣ. ಡಿಫರೆನ್ಷಿಯಲ್ ಇಕ್ವೇಷನ್ ಅಂತ ಕೇಳಿರುತ್ತೀರಲ್ಲ, ಅದೇ ಇದು.

ಇಲ್ಲಿ ವೈ′ ಅಂದರೆ ವೈ ಯ ಡೆರಿವೇಟಿವ್, ಎಕ್ಸ್ ಬದಲಾದಂತೆ ವೈ ಬದಲಾಗುವ ದರ. ‘ಇ’ ಅಂದರೆ ನಿಮಗೆ ಗೊತ್ತಿರುವ ಆ 2.718… ಸಂಖ್ಯೆ. ಇ^ಎಕ್ಸ್ ಅಂತ ಬರೆದರೆ ಇ ಯ ಘಾತ ಎಕ್ಸ್.

ನಿಜ ಹೇಳಬೇಕೆಂದರೆ ಇಂಥ ಸಮೀಕರಣಗಳನ್ನು ನೀವು ಆಗಲೇ ಬಿಡಿಸಿದ್ದೀರಿ. ವೈ′ = 2ಎಕ್ಸ್ ಇದ್ದರೆ ಇಂಟಿಗ್ರೇಟ್ ಮಾಡಿ, ಅಂದರೆ ಡೆರಿವೇಟಿವ್‌ನಿಂದ ಮೂಲ ಫಂಕ್ಷನ್ನಿಗೆ ಹಿಂದಿರುಗಿ, ವೈ = ಎಕ್ಸ್² + ಸಿ ಅಂತ ಬರೆಯುತ್ತೀರಿ. ಸಿ ಅಂದರೆ ಯಾವುದಾದರೂ ಒಂದು ಸ್ಥಿರ ಸಂಖ್ಯೆ. ಅದೂ ಅವಕಲ ಸಮೀಕರಣವೇ, ಬಹಳ ಸಾಧು ಜಾತಿಯದು. ತೊಡಕು ಶುರುವಾಗುವುದು ಬಲಗಡೆ ವೈ ಕೂಡ ಬಂದು ಕೂತಾಗ. ವೈ′ = ವೈ ಯನ್ನು ಸುಮ್ನೆ ಇಂಟಿಗ್ರೇಟ್ ಮಾಡಲು ಬರುವುದಿಲ್ಲ. ಯಾವುದನ್ನು ಇಂಟಿಗ್ರೇಟ್ ಮಾಡಬೇಕೋ ಅದೇ ಇನ್ನೂ ಗೊತ್ತಿಲ್ಲ, ಅಲ್ವಾ?

ನಾನು ಮೊದಲು ಎಡವಿದ್ದು ಇಲ್ಲೇ. ಇ^ಎಕ್ಸ್ ನ ಡೆರಿವೇಟಿವ್ ಇ^ಎಕ್ಸ್ ಅಂತ ಬಾಯಿಪಾಠ ಇತ್ತು. ಹಾಗಾಗಿ ಉತ್ತರ ವೈ = ಇ^ಎಕ್ಸ್ ಅಂತ ಬರೆದು, ಕೊನೆಗೆ ಅಭ್ಯಾಸಬಲದಿಂದ ‘+ ಸಿ’ ಅಂಟಿಸಿದೆ. ತಪ್ಪು. ಸಿ ಜಾಗದಲ್ಲಿ 5 ಇಟ್ಟು ನೋಡಿ. ವೈ = ಇ^ಎಕ್ಸ್ + 5 ಆದರೆ ವೈ′ = ಇ^ಎಕ್ಸ್ ಮಾತ್ರ. ಆ 5 ಡೆರಿವೇಟಿವ್ ತೆಗೆದಾಗ ಮಾಯವಾಯಿತು. ಎಡಕ್ಕೂ ಬಲಕ್ಕೂ 5ರ ವ್ಯತ್ಯಾಸ. ಅದೇ 5 ಅನ್ನು ಕೂಡಿಸುವ ಬದಲು ಗುಣಿಸಿ: ವೈ = 5ಇ^ಎಕ್ಸ್. ಈಗ ವೈ′ ಕೂಡ 5ಇ^ಎಕ್ಸ್. ಸರಿಹೋಯಿತು.

ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾಗುವುದೇ ಇದು. ಉತ್ತರ ಸರಿಯೋ ತಪ್ಪೋ ಅಂತ ಯಾರನ್ನೂ ಕೇಳಬೇಕಿಲ್ಲ. ಡೆರಿವೇಟಿವ್ ತೆಗೆದು ಸಮೀಕರಣಕ್ಕೆ ವಾಪಸ್ ಹಾಕಿದರೆ ಅದೇ ಹೇಳುತ್ತದೆ.

ಸರಿ, ಸಿ ಗುಣಕವಾಗಿ ಬಂದದ್ದು ಹೇಗೆ? ವೈ′ ಅನ್ನು ಡಿವೈ/ಡಿಎಕ್ಸ್ ಅಂತ ಬರೆದು, ವೈ ಇರುವುದೆಲ್ಲ ಒಂದು ಕಡೆ, ಎಕ್ಸ್ ಇರುವುದೆಲ್ಲ ಇನ್ನೊಂದು ಕಡೆ ತಂದುಕೊಳ್ಳಿ. ಡಿವೈ/ವೈ = ಡಿಎಕ್ಸ್. ಎರಡೂ ಕಡೆ ಇಂಟಿಗ್ರೇಟ್ ಮಾಡಿದರೆ ಲಾಗ್|ವೈ| = ಎಕ್ಸ್ + ಸಿ (ಇಲ್ಲಿ ಲಾಗ್‌ನ ಆಧಾರ ಇ). ಸಿ ಹುಟ್ಟುವುದು ಈ ಸಾಲಿನಲ್ಲಿ, ಲಾಗ್ ಇನ್ನೂ ಬಿಚ್ಚದೇ ಇರುವಾಗ. ಲಾಗ್ ಬಿಚ್ಚಿದರೆ |ವೈ| = ಇ^(ಎಕ್ಸ್ + ಸಿ), ಅಂದರೆ ಇ^ಸಿ × ಇ^ಎಕ್ಸ್. ಘಾತದಲ್ಲಿ ಕೂಡಿದ್ದು ಕೆಳಗಿಳಿದಾಗ ಗುಣಾಕಾರ ಆಯಿತು. ಆದ್ದರಿಂದ ಇಂಟಿಗ್ರೇಟ್ ಮಾಡಿದ ಸಾಲಿನಲ್ಲೇ ಸಿ ಬರೆದುಬಿಡಿ. ಕೊನೆಗೆ ನೆನಪಾದಾಗ ಸೇರಿಸೋಣ ಅಂದುಕೊಂಡರೆ ನನ್ನ ಹಾಗೇ ಆಗುತ್ತದೆ.

ಇನ್ನೊಂದು ಸಣ್ಣ ಮೋಸ ಇದೆ. ವೈ ಯಿಂದ ಭಾಗಿಸಿದೆವಲ್ಲ, ವೈ ಸೊನ್ನೆ ಆಗಿದ್ದರೆ? ವೈ = 0 ಅನ್ನುವ ಫಂಕ್ಷನ್ ಕೂಡ ಸಮೀಕರಣಕ್ಕೆ ಸರಿಹೊಂದುತ್ತದೆ. ಇ^ಸಿ ಎಂದೂ ಸೊನ್ನೆ ಆಗದ ಕಾರಣ ಅದು ದಾರಿಯಲ್ಲೇ ಬಿದ್ದುಹೋಗಿತ್ತು. ಭಾಗಿಸುವ ಮೊದಲು ಅದನ್ನು ಬೇರೆ ಬರೆದಿಟ್ಟುಕೊಳ್ಳಿ. ಎಲ್ಲ ಸೇರಿಸಿದರೆ ವೈ = ಎ × ಇ^ಎಕ್ಸ್. ಎ ಯಾವ ಸಂಖ್ಯೆಯಾದರೂ ಆಗಬಹುದು, ಋಣವೂ ಸೊನ್ನೆಯೂ ಸೇರಿ. ಇದೊಂದು ಗೆರೆಗಳ ದೊಡ್ಡ ಕುಟುಂಬ. ‘ಎಕ್ಸ್ = 0 ಇದ್ದಾಗ ವೈ = 3’ ಅಂತ ಹೇಳಿದರೆ ಅದರಲ್ಲಿ ಒಂದು ಗೆರೆ ಮಾತ್ರ ಉಳಿಯುತ್ತದೆ. ಇದಕ್ಕೆ ಆರಂಭಿಕ ಷರತ್ತು ಅನ್ನುತ್ತಾರೆ.

ಇಷ್ಟೆಲ್ಲ ಯಾಕೆ ಬೇಕು? ಒಂದು ವಸ್ತು ಈಗ ಎಷ್ಟಿದೆ ಅನ್ನುವುದಕ್ಕಿಂತ, ಅದು ಹೇಗೆ ಬದಲಾಗುತ್ತಿದೆ ಅನ್ನುವುದು ಎಷ್ಟೋ ಸಲ ಸುಲಭವಾಗಿ ಗೊತ್ತಾಗುತ್ತದೆ. ನ್ಯೂಟನ್ 1701ರಲ್ಲಿ ತಾಪದ ಬಗ್ಗೆ ಬರೆದ ಲೇಖನದಿಂದ ಬಂದ ನಿಯಮವನ್ನೇ ನೋಡಿ. ಬಿಸಿ ವಸ್ತು ತಣ್ಣಗಾಗುವ ವೇಗ, ಸುತ್ತಲಿನ ತಾಪಕ್ಕಿಂತ ಅದು ಎಷ್ಟು ಜಾಸ್ತಿ ಬಿಸಿ ಇದೆ ಅನ್ನುವುದಕ್ಕೆ ತಕ್ಕಂತೆ ಇರುತ್ತದೆ. ಆ ಹೆಚ್ಚುವರಿ ತಾಪವನ್ನು ವೈ ಅಂತ, ಸಮಯವನ್ನು ಎಕ್ಸ್ ಅಂತ ಕರೆದರೆ ವೈ′ = −ಕೆ ವೈ. ಈಗ ತಾನೇ ಬಿಡಿಸಿದ ಸಮೀಕರಣವೇ, ಜೊತೆಗೆ ಒಂದು ಮೈನಸ್ ಮತ್ತು ಒಂದು ಸ್ಥಿರಾಂಕ, ಅಷ್ಟೆ.

ಕೋಣೆ 30 ಡಿಗ್ರಿ, ನೀರು 90 ಡಿಗ್ರಿ ಅಂದುಕೊಳ್ಳಿ. 5 ನಿಮಿಷದಲ್ಲಿ ನೀರು 70ಕ್ಕೆ ಇಳಿಯಿತು. ಇನ್ನೂ 5 ನಿಮಿಷ ಬಿಟ್ಟರೆ? ‘ಮತ್ತೆ 20 ಇಳಿದು 50’ ಅನ್ನಲು ಮನಸ್ಸು ಎಳೆಯುತ್ತದೆ. ಆದರೆ ಹೆಚ್ಚುವರಿ ತಾಪ ಮೊದಲು 60 ಇತ್ತು, ಆಮೇಲೆ 40 ಆಯಿತು. ಅಂದರೆ 5 ನಿಮಿಷಕ್ಕೊಮ್ಮೆ ಮೂರನೇ ಎರಡು ಭಾಗ ಉಳಿಯುತ್ತಿದೆ. ಮುಂದಿನದು 26.7. ಅದಕ್ಕೆ ಕೋಣೆಯ 30 ಕೂಡಿಸಿದರೆ ನೀರು ಸುಮಾರು 56.7 ಡಿಗ್ರಿ. ಕೆ ಯ ಬೆಲೆ ಕಂಡುಹಿಡಿಯದೆಯೇ ಉತ್ತರ ಬಂತು ನೋಡಿ. ವಿಕಿರಣಶೀಲ ಕಾರ್ಬನ್ (ಕಾರ್ಬನ್-14) ಸುಮಾರು 5730 ವರ್ಷಕ್ಕೊಮ್ಮೆ ಅರ್ಧ ಆಗುವುದರ ಹಿಂದೆ ಇರುವುದೂ ಇದೇ ಸಮೀಕರಣ.

ಆರ್ಡರ್, ಡಿಗ್ರಿ ಅಂತ ಪರೀಕ್ಷೆಯಲ್ಲಿ ಕೇಳುತ್ತಾರೆ. ಅತಿ ಮೇಲಿನ ಡೆರಿವೇಟಿವ್ ಎಷ್ಟನೆಯದೋ ಅದು ಆರ್ಡರ್. ಸಮೀಕರಣವನ್ನು ಡೆರಿವೇಟಿವ್‌ಗಳ ಬಹುಪದದ ರೂಪಕ್ಕೆ ತಂದ ಮೇಲೆ ಆ ಡೆರಿವೇಟಿವ್‌ನ ಘಾತ ಡಿಗ್ರಿ. ಅಂಕ ಬರುತ್ತದೆ, ಅರ್ಥ ಮಾಡಿಕೊಳ್ಳಲು ಜಾಸ್ತಿ ಏನೂ ಇಲ್ಲ.

ಎಷ್ಟೋ ಸಮೀಕರಣಗಳಿಗೆ ಸೂತ್ರದಲ್ಲಿ ಉತ್ತರ ಸಿಗುವುದೇ ಇಲ್ಲ. ಆಗ ಗಣಿತಜ್ಞ ಆಯ್ಲರ್ 1768ರಲ್ಲಿ ಪ್ರಕಟಿಸಿದ ಉಪಾಯ ಕೈಹಿಡಿಯುತ್ತದೆ. ಸಮೀಕರಣ ಪ್ರತಿ ಜಾಗದಲ್ಲೂ ಇಳಿಜಾರು ಎಷ್ಟು ಅಂತ ಹೇಳುತ್ತದೆ. ಆ ದಿಕ್ಕಿನಲ್ಲಿ ಸ್ವಲ್ಪ ದೂರ ನೇರ ನಡೆಯಿರಿ, ನಿಲ್ಲಿ, ಇಳಿಜಾರನ್ನು ಮತ್ತೆ ಕೇಳಿ, ಮತ್ತೆ ನಡೆಯಿರಿ. ವೈ′ = ವೈ ಗೆ ಎಕ್ಸ್ = 0, ವೈ = 1ರಿಂದ ಹೊರಟು, 0.5ರ ಎರಡು ಹೆಜ್ಜೆ ಇಟ್ಟರೆ 1, 1.5, 2.25. ಎಕ್ಸ್ = 1ರಲ್ಲಿ ನಿಜವಾದ ಬೆಲೆ 2.718. ಹೆಜ್ಜೆಯನ್ನು 0.1 ಮಾಡಿದರೆ 2.594, 0.01 ಮಾಡಿದರೆ 2.705.

ಆದರೆ ಈ ಉಪಾಯವನ್ನು ಕಣ್ಣುಮುಚ್ಚಿ ನಂಬಬೇಡಿ. ವೈ′ = ವೈ² ತೆಗೆದುಕೊಳ್ಳಿ, ಮತ್ತೆ ವೈ = 1ರಿಂದಲೇ ಹೊರಡಿ. 0.5ರ ಹೆಜ್ಜೆಯಲ್ಲಿ 1, 1.5, 2.625, ಆಮೇಲೆ ಸುಮಾರು 6.07 ಸಿಗುತ್ತದೆ. ಎಲ್ಲ ಸಂಖ್ಯೆಗಳೂ ಸಭ್ಯವಾಗಿಯೇ ಇವೆ. ಈಗ ವೈ = 1/(1 − ಎಕ್ಸ್) ಅನ್ನು ಸಮೀಕರಣಕ್ಕೆ ವಾಪಸ್ ಹಾಕಿ ನೋಡಿ, ಸರಿಯಾಗಿ ಹೊಂದುತ್ತದೆ. ಅದು ಎಕ್ಸ್ = 1 ಹತ್ತಿರ ಬಂದಂತೆ ಮಿತಿಯಿಲ್ಲದೆ ಏರುತ್ತದೆ. ಅಲ್ಲಿಂದ ಮುಂದಕ್ಕೆ ಆ ಗೆರೆಯೇ ಇಲ್ಲ. ನಮ್ಮ ಹೆಜ್ಜೆಗಳು ಮಾತ್ರ ಏನೂ ಆಗದ ಹಾಗೆ 1.5ರವರೆಗೆ ನಡೆದುಬಿಟ್ಟಿದ್ದವು.