“ಒಬಾಮಾಕೇರ್ ಹೋಯ್ತಂತಲ್ಲ ಅಕ್ಕಾ?”

2018ರ ಡಿಸೆಂಬರ್ 14, ಶುಕ್ರವಾರ. ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ, ಜನರನ್ನು ಇನ್ಶೂರೆನ್ಸ್‌ಗೆ ಸೇರಿಸುವ ನನ್ನ ಆಫೀಸಿನಲ್ಲಿ ಅವತ್ತು ಊಟಕ್ಕೂ ಪುರುಸೊತ್ತಿರಲಿಲ್ಲ. ಮುಂದಿನ ವರ್ಷದ ಹೆಲ್ತ್ ಇನ್ಶೂರೆನ್ಸ್‌ಗೆ ಸೇರಲು ಮರುದಿನವೇ ಕಡೆಯ ದಿನ. ಕತ್ತಲಾದ ಮೇಲೆ ಸುದ್ದಿ ಬಂತು. ಪಕ್ಕದ ಫೋರ್ಟ್ ವರ್ತ್‌ನಲ್ಲಿ ಕೂತ ಫೆಡರಲ್ ನ್ಯಾಯಾಧೀಶರು ಒಬಾಮಾಕೇರ್, ಅಂದರೆ ಒಬಾಮಾ ಕಾಲದ ಹೆಲ್ತ್ ಇನ್ಶೂರೆನ್ಸ್ ಕಾನೂನು, ಇಡಿಯಾಗಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿದ್ದರು. ಆಮೇಲೆ ಫೋನು ನಿಲ್ಲಲೇ ಇಲ್ಲ.

“ಅಕ್ಕಾ, ಕಾನೂನೇ ಬಿದ್ದೋಯ್ತಂತಲ್ಲ. ಇನ್ನು ಯಾಕೆ ಸೇರೋದು? ಸೋಮವಾರ ನೋಡೋಣ ಬಿಡಿ.”

ಹೀಗಂದವರು ಹಾಸನದ ಕಡೆಯವರು. ಐವತ್ತೆರಡು ವರ್ಷ, ಶುಗರ್ ಇದೆ. ಆಗಸ್ಟ್‌ನಲ್ಲಿ ಕೆಲಸ ಬಿಟ್ಟು ಸ್ವಂತ ಕನ್ಸಲ್ಟಿಂಗ್ ಶುರು ಮಾಡಿದ್ದರು. ಹಳೇ ಕಂಪನಿಯ ಇನ್ಶೂರೆನ್ಸನ್ನೇ, ಕೆಲಸ ಬಿಟ್ಟವರು ಪೂರ್ತಿ ದುಡ್ಡು ತಾವೇ ಕಟ್ಟಿ ಇಟ್ಟುಕೊಳ್ಳುವ ‘ಕೋಬ್ರಾ’ ನಿಯಮದ ಅಡಿಯಲ್ಲಿ ಮುಂದುವರಿಸಿದ್ದರು. ಮನೆಮಂದಿಗೆಲ್ಲ ಸೇರಿ ತಿಂಗಳಿಗೆ 1,900 ಡಾಲರ್. ಜನವರಿಯಿಂದ ಮಾರ್ಕೆಟ್‌ಪ್ಲೇಸ್, ಅಂದರೆ ಒಬಾಮಾಕೇರ್ ಅಡಿಯ ಸರ್ಕಾರಿ ವೆಬ್‌ಸೈಟಿನಲ್ಲಿ ಸಿಗುವ ಪ್ಲಾನ್‌ಗೆ ಬದಲಾಯಿಸೋಣ ಅಂತ ನಾವಿಬ್ಬರೂ ಎರಡು ವಾರ ಕೂತು ಲೆಕ್ಕ ಹಾಕಿದ್ದೆವು. ಅರ್ಜಿ ತುಂಬಿ ಆಗಿತ್ತು. ಪ್ಲಾನ್ ಆರಿಸಿ ಒಂದು ಗುಂಡಿ ಒತ್ತಬೇಕಿತ್ತು, ಅಷ್ಟೇ.

ಕೋರ್ಟು ಏನೇ ಹೇಳಿರಲಿ, ನಾಳೆ ಬಾಗಿಲು ಮುಚ್ಚುತ್ತೆ, ಇವತ್ತೇ ಮುಗಿಸಿ ಅಂದೆ. ಅವರು ಕೇಳಲಿಲ್ಲ.

ಅವರಿಗೇನಾಯಿತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಆ ತೀರ್ಪಿಗೇನಾಯಿತು ನೋಡಿ. ಆ ತೀರ್ಪು ಜಾರಿಗೇ ಬರಲಿಲ್ಲ. ಆ ವಾರಾಂತ್ಯವೇ ಕೇಂದ್ರದ ಅಧಿಕಾರಿಗಳು ‘ಏನೂ ಬದಲಾಗಿಲ್ಲ, ಸೇರುವುದು ಸೇರಿ’ ಅಂತ ಹೇಳಿದ್ದರು. ಅದೂ ಆ ಕಾನೂನನ್ನು ತೆಗೆಯಬೇಕು ಅನ್ನುತ್ತಿದ್ದ ಟ್ರಂಪ್ ಸರ್ಕಾರದ ಅಧಿಕಾರಿಗಳು. ತಿಂಗಳು ಮುಗಿಯುವ ಮೊದಲು ಅದೇ ನ್ಯಾಯಾಧೀಶರು ತಮ್ಮ ತೀರ್ಪಿಗೆ ತಾವೇ ತಡೆ ಕೊಟ್ಟರು. ಕೇಸು ಮೇಲಕ್ಕೆ ಹೋಯಿತು. 2021ರ ಜೂನ್ 17ರಂದು ಸುಪ್ರೀಂ ಕೋರ್ಟು, ಟೆಕ್ಸಸ್ ಮತ್ತು ಜೊತೆಗಿದ್ದ ರಾಜ್ಯಗಳಿಗೆ ಈ ಕೇಸು ಹಾಕುವ ಹಕ್ಕೇ ಇಲ್ಲ ಅಂತ 7–2ರಲ್ಲಿ ತಳ್ಳಿಹಾಕಿತು. ಅಂದರೆ ಎರಡೂವರೆ ವರ್ಷ. ನಮ್ಮವರು ಹೇಳಿದ್ದು ‘ಸೋಮವಾರ ನೋಡೋಣ’ ಅಂತ.

ಹದಿನೈದು ವರ್ಷಕ್ಕೂ ಜಾಸ್ತಿ ಕಾಲ ಈ ಜಗಳವನ್ನು ಹತ್ತಿರದಿಂದ ನೋಡಿದ್ದೇನೆ. 2010ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಕಾಂಗ್ರೆಸ್ಸಿನ ಕೆಳಮನೆಯಾದ ಹೌಸ್‌ನಲ್ಲಿ ಈ ಕಾನೂನು 219–212ರಲ್ಲಿ ಪಾಸಾದಾಗ ಒಬ್ಬ ರಿಪಬ್ಲಿಕನ್ನರ ವೋಟೂ ಬಿದ್ದಿರಲಿಲ್ಲ. ಅಲ್ಲಿಂದ ಇದು ಕಾನೂನಿಗಿಂತ ಜಾಸ್ತಿ ಪಕ್ಷದ ಬಾವುಟವಾಯಿತು. ‘ನಾವು ಬಂದರೆ ಮೊದಲ ದಿನವೇ ತೆಗೀತೀವಿ’, ‘ನಾವು ಇರೋವರೆಗೆ ಮುಟ್ಟೋಕೆ ಬಿಡಲ್ಲ’. ಪ್ರತಿ ಚುನಾವಣೆಗೂ ಇದೇ ಮಾತು. ನಾನು ಯಾರಿಗೆ ವೋಟ್ ಹಾಕುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಹತ್ತಿರ ಎರಡೂ ಕಡೆಯವರು ಬರುತ್ತಾರೆ. ಇಬ್ಬರಿಗೂ ಕಾಯಿಲೆ ಬರುತ್ತೆ.

ಜನ ಎಡವುವುದು ಒಂದೇ ಕಡೆ. ವೋಟಿಂಗ್ ಆಯಿತು ಅಂದರೆ ಕಾನೂನು ಹೋಯಿತು ಅಂದುಕೊಳ್ಳುತ್ತಾರೆ. 2017ರ ಮೇ 4ರಂದು ಹೌಸ್‌ನಲ್ಲಿ ರದ್ದತಿ ಮಸೂದೆ 217–213ರಲ್ಲಿ ಪಾಸಾಯಿತು. ಅವತ್ತೇ ಶ್ವೇತಭವನದ ತೋಟದಲ್ಲಿ ಸಂಭ್ರಮ. ಟಿವಿಯಲ್ಲಿ ಅದನ್ನು ನೋಡಿದ ಒಬ್ಬರು ಮರುದಿನವೇ ಬಂದು ‘ಈ ತಿಂಗಳ ಪ್ರೀಮಿಯಂ ಕಟ್ಟಬೇಕಾ?’ ಅಂತ ಕೇಳಿದರು. ಆದರೆ ಅಲ್ಲಿ ಪಾಸಾಗಿದ್ದು ಒಂದು ಮನೆಯಲ್ಲಿ ಮಾತ್ರ. ಜುಲೈ 28ರ ನಡುರಾತ್ರಿ ಮೇಲ್ಮನೆಯಾದ ಸೆನೆಟ್‌ನಲ್ಲಿ ರಿಪಬ್ಲಿಕನ್ನರೇ ಆದ ಜಾನ್ ಮೆಕೇನ್ ಮುಂದೆ ಬಂದು ಹೆಬ್ಬೆರಳು ಕೆಳಗೆ ಮಾಡಿದರು. ಅದೇ ಪಕ್ಷದ ಸೂಸನ್ ಕಾಲಿನ್ಸ್, ಲಿಸಾ ಮರ್ಕೌಸ್ಕಿ ಮೊದಲೇ ಬೇಡ ಅಂದಿದ್ದರು. 49–51. ಮಸೂದೆ ಬಿತ್ತು. ನಮ್ಮೂರಲ್ಲೂ ಇದು ಗೊತ್ತಿಲ್ಲದ ಸಂಗತಿಯೇನಲ್ಲ. 2024ರ ಫೆಬ್ರವರಿಯಲ್ಲಿ ಮುಜರಾಯಿ ದೇವಸ್ಥಾನಗಳ ಮಸೂದೆ ವಿಧಾನಸಭೆಯಲ್ಲಿ ಪಾಸಾಗಿ ಎರಡೇ ದಿನಕ್ಕೆ ಪರಿಷತ್ತಿನಲ್ಲಿ ಬಿದ್ದಿತ್ತಲ್ವಾ? ಅಲ್ಲಿನದು ಥಟ್ಟನೆ ಅರ್ಥವಾಗುವವರಿಗೂ ಇಲ್ಲಿನದು ಬಂದಾಗ ಗಾಬರಿ.

ಇನ್ನೊಂದು ಎಡವಟ್ಟು, ‘ದಂಡ ಹೋಯ್ತು, ಹಾಗಾದರೆ ಕಾನೂನೂ ಹೋಯ್ತು’ ಅನ್ನುವುದು. ಇನ್ಶೂರೆನ್ಸ್ ಇಲ್ಲದವರಿಗೆ ಹಾಕುತ್ತಿದ್ದ ಫೆಡರಲ್ ದಂಡವನ್ನು 2017ರ ತೆರಿಗೆ ಕಾನೂನು ಸೊನ್ನೆ ಮಾಡಿತು, 2019ರಿಂದ. ಹೋಗಿದ್ದು ಅದೊಂದೇ. ಶುಗರ್ ಇದ್ದವರಿಗೂ ಕಂಪನಿ ಇಲ್ಲ ಅನ್ನುವಂತಿಲ್ಲ ಅನ್ನುವ ನಿಯಮ ಉಳಿಯಿತು. ಪ್ರೀಮಿಯಂ ಕಟ್ಟಲು ಸರ್ಕಾರ ಕೊಡುವ ಸಬ್ಸಿಡಿ ಉಳಿಯಿತು. ಮಕ್ಕಳು 26 ತುಂಬುವವರೆಗೆ ಅಪ್ಪ ಅಮ್ಮನ ಪಾಲಿಸಿಯಲ್ಲಿ ಇರಬಹುದು ಅನ್ನುವುದೂ ಉಳಿಯಿತು. ನಮ್ಮ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಇಬ್ಬರು ಗೆಳೆಯರು ಈ ಕಾನೂನು ಇರಬೇಕಾ ಬೇಡವಾ ಅಂತ ಗಂಟಲು ಕಿತ್ತುಹೋಗುವಂತೆ ವಾದ ಮಾಡಿದ್ದನ್ನು ನೋಡಿದ್ದೇನೆ. ಇಬ್ಬರ ಮಕ್ಕಳೂ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಾ ಅಪ್ಪಂದಿರ ಆಫೀಸ್ ಇನ್ಶೂರೆನ್ಸ್‌ನಲ್ಲೇ ಇದ್ದರು. ಅದು ಬಂದದ್ದು ಇದೇ ಕಾನೂನಿಂದ ಅಂತ ಹೇಳಿದೆ. ಇಬ್ಬರೂ ಒಂದು ನಿಮಿಷ ಸುಮ್ಮನಾದರು. ವಾದ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ತಿಳಿದು ಮಾಡಿ.

ಅಂದ ಹಾಗೆ, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ನಂಥ ಕಡೆ ರಾಜ್ಯದ ದಂಡ ಇವತ್ತಿಗೂ ಇದೆ. ಟೆಕ್ಸಸ್‌ನ ಗೆಳೆಯರ ಮಾತು ಕೇಳಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೂತವರು ಇನ್ಶೂರೆನ್ಸ್ ಬಿಡಬೇಡಿ.

ಈಗ ನಾನು ಸಾವಿರ ಸಲ ಹೇಳಿರುವ ಮಾತಿಗೆ ಬರುತ್ತೇನೆ. ಇನ್ನೊಂದು ಸಲ ನಿಧಾನಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಾಯಿಲೆ ಇದ್ದವರನ್ನೂ ಸೇರಿಸಿಕೊಳ್ಳಬೇಕು ಅನ್ನುವ ನಿಯಮ ವರ್ಷವಿಡೀ ತೆರೆದಿರುವ ಬಾಗಿಲಲ್ಲ. ಅದು ಓಪನ್ ಎನ್ರೋಲ್‌ಮೆಂಟ್‌ನಲ್ಲಿ, ಅಂದರೆ ವರ್ಷಕ್ಕೊಮ್ಮೆ ಸೇರಲು ಕೊಡುವ ದಿನಗಳಲ್ಲಿ ಮಾತ್ರ ತೆರೆಯುತ್ತೆ. ನಡುವೆ ಬರಬೇಕಾದರೆ ಕಾರಣ ಬೇಕು. ಕೆಲಸ ಹೋಗಿ ಇನ್ಶೂರೆನ್ಸ್ ಹೋಯಿತು, ಮದುವೆಯಾಯಿತು, ಮಗು ಹುಟ್ಟಿತು, ಬೇರೆ ಊರಿಗೆ ಹೋದಿರಿ. ಇಂಥವಕ್ಕೆ ಸಾಮಾನ್ಯವಾಗಿ 60 ದಿನ ಸಮಯ ಸಿಗುತ್ತೆ. ಆದರೆ ನೀವಾಗಿಯೇ ಬಿಟ್ಟರೆ ಅದು ಕಾರಣವಲ್ಲ. ಪ್ರೀಮಿಯಂ ಕಟ್ಟದೆ ಪಾಲಿಸಿ ಹೋದರೆ ಅದೂ ಕಾರಣವಲ್ಲ. ಕೋಬ್ರಾ ಅವಧಿ ಮುಗಿದರೆ ಕಾರಣ, ದುಬಾರಿ ಅಂತ ನಡುವೆ ನಿಲ್ಲಿಸಿದರೆ ಕಾರಣವಲ್ಲ. ‘ರದ್ದಾಗುತ್ತೆ ಅಂತ ಕಾಯ್ತಿದ್ದೆ’ ಅನ್ನುವುದಂತೂ ಯಾವ ಫಾರ್ಮಿನಲ್ಲೂ ಇಲ್ಲ. ಬಾಗಿಲು ತಪ್ಪಿದರೆ ಮುಂದಿನ ಜನವರಿಯವರೆಗೆ ಹೊರಗೇ. ನಡುವೆ ಏನಾದರೂ ಆದರೆ ನಿಮ್ಮ ಜೇಬೇ ಗತಿ.

ಹಾಸನದವರು ಮಾಡಿದ್ದು ಅದನ್ನೇ. ಜನವರಿಯಲ್ಲಿ ಕೋಬ್ರಾ ನಿಲ್ಲಿಸಿದರು. ಯಾರೋ ಫೋನಿನಲ್ಲಿ ಮಾರಿದ ಶಾರ್ಟ್ ಟರ್ಮ್ ಪ್ಲಾನ್ ತಗೊಂಡರು. ಕಡಿಮೆ ದುಡ್ಡು, 364 ದಿನ, ಆಗಷ್ಟೇ ಅಂಥದ್ದಕ್ಕೆ ಅವಕಾಶ ಸಿಕ್ಕಿತ್ತು. ಆ ಪ್ಲಾನ್‌ಗಳಿಗೆ ಈ ಕಾನೂನಿನ ನಿಯಮ ಲಾಗೂ ಆಗುವುದಿಲ್ಲ. ಹಳೇ ಕಾಯಿಲೆ ಇದೆಯಾ ಅಂತ ಕೇಳಬಹುದು, ಇದ್ದರೆ ದುಡ್ಡು ಕೊಡುವುದಿಲ್ಲ ಅನ್ನಬಹುದು. ಮಾರ್ಚ್‌ನಲ್ಲಿ ಎದೆನೋವು. ಸ್ಟೆಂಟ್ ಹಾಕಿದರು. ಮೂರು ರಾತ್ರಿ ಆಸ್ಪತ್ರೆ.

ಏಪ್ರಿಲ್‌ನಲ್ಲಿ ಅವರ ಮನೆಗೆ ಹೋಗಿದ್ದೆ. ಊಟದ ಟೇಬಲ್ ಮೇಲೆ ಕಾಗದಗಳನ್ನು ಹರಡಿದ್ದರು, ಹಾರದ ಹಾಗೆ ಉಪ್ಪಿನಕಾಯಿ ಬಾಟಲಿ ಇಟ್ಟು. ಬಿಲ್ಲಿನ ಮೊದಲ ಪುಟದ ಮೊತ್ತ ಲಕ್ಷ ಡಾಲರ್ ದಾಟಿತ್ತು. ಪಕ್ಕದಲ್ಲಿ ಇನ್ಶೂರೆನ್ಸ್‌ನವರ ಎರಡು ಪುಟದ ಕಾಗದ. ಡಯಾಬಿಟಿಸ್ ಇದ್ದದ್ದನ್ನು ಹೇಳಿಲ್ಲ, ಹೃದಯದ ತೊಂದರೆ ಅದಕ್ಕೆ ಸಂಬಂಧಪಟ್ಟದ್ದು, ಕ್ಲೇಮ್ ಕೊಡುವುದಿಲ್ಲ ಅಂತ. ಫೋನಿನಲ್ಲಿ ಮಾರಿದವನು ‘ಮಾತ್ರೆಯಲ್ಲಿ ಕಂಟ್ರೋಲ್ ಇದ್ದರೆ ಇಲ್ಲ ಅಂತ ಹೇಳಿ’ ಅಂದಿದ್ದನಂತೆ. ಅವರ ಹೆಂಡತಿ ಕಾಫಿ ತಂದಿಟ್ಟರು, ಒಂದು ಮಾತೂ ಆಡಲಿಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ. ಆ ಶುಕ್ರವಾರ ರಾತ್ರಿ ಅವರ ಮನೆಗೇ ಹೋಗಿ ಲ್ಯಾಪ್‌ಟಾಪ್ ತೆಗೆಸಿ ಕೂರಿಸಿದ್ದರೆ ಅಂತ ಈಗಲೂ ಅನಿಸುತ್ತೆ. ಆಸ್ಪತ್ರೆಯ ಸಹಾಯ ವಿಭಾಗದ ಜೊತೆ ತಿಂಗಳುಗಟ್ಟಲೆ ಓಡಾಡಿ ಮೊತ್ತವನ್ನು ಸಾಕಷ್ಟು ಇಳಿಸಿದೆವು. ಉಳಿದದ್ದನ್ನು ಕಂತಿನಲ್ಲಿ ಕಟ್ಟಿದರು.

ಹಾಗಾದರೆ ಜಗಳದಿಂದ ಏನೂ ಆಗುವುದಿಲ್ಲವಾ? ಆಗುತ್ತೆ. ಕಾನೂನು ಹೋಗುವುದಿಲ್ಲ, ಅದರ ಒಂದೊಂದೇ ಹಲಗೆ ಕಳಚುತ್ತೆ. ಅದಕ್ಕೇ ಯಾವ ಹಲಗೆ ಹೋಯಿತು ಅಂತ ನೋಡಬೇಕು. 2025ರಲ್ಲಿ ಹೋಗಿದ್ದು ದೊಡ್ಡ ಹಲಗೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಸಬ್ಸಿಡಿ ಜಾಸ್ತಿ ಮಾಡಿದ್ದರು. ಆಮೇಲೆ ಅದನ್ನು 2025ರ ಕೊನೆಯವರೆಗೆ ಎಳೆದರು. ಮುಂದುವರಿಸಬೇಕಾ ಬೇಡವಾ ಅನ್ನುವ ಜಗಳದಲ್ಲಿ ಅಕ್ಟೋಬರ್ 1ರಿಂದ 43 ದಿನ ಸರ್ಕಾರವೇ ಬಾಗಿಲು ಹಾಕಿತು. ಸರಿಯಾಗಿ ಅದರ ನಡುವೆ, ನವೆಂಬರ್ 1ಕ್ಕೆ, ಎನ್ರೋಲ್‌ಮೆಂಟ್ ಶುರುವಾಯಿತು. ‘ಹೇಗೂ ರಾಜಿ ಆಗುತ್ತೆ ಅಕ್ಕಾ, ಆಮೇಲೆ ಸೇರ್ತೀವಿ’ ಅಂದವರು ಎಷ್ಟೋ ಜನ. ಡಿಸೆಂಬರ್ 31ಕ್ಕೆ ಆ ಹೆಚ್ಚಿನ ಸಬ್ಸಿಡಿ ಮುಗಿದೇ ಹೋಯಿತು.

ಅದರಲ್ಲಿ ಜಾಸ್ತಿ ಪೆಟ್ಟು ತಿಂದವರು 65 ತುಂಬದೆ, ಕೆಲಸ ಬಿಟ್ಟು, ಹಿರಿಯರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್‌ಗೆ ಕಾಯುತ್ತಿರುವ ಗಂಡ ಹೆಂಡತಿ. ಇಬ್ಬರೇ ಇರುವ ಮನೆಗೆ 2026ರ ಗೆರೆ 84,600 ಡಾಲರ್. ವರ್ಷದ ಆದಾಯ ಅದನ್ನು ಒಂದು ಡಾಲರ್ ದಾಟಿದರೂ ಸಬ್ಸಿಡಿ ಪೂರ್ತಿ ಇಲ್ಲ. ಸಬ್ಸಿಡಿ ಸಿಗುವುದು ಅಂದಾಜು ಆದಾಯದ ಮೇಲೆ, ಮುಂಗಡವಾಗಿ. ಮೊದಲು ವರ್ಷದ ಕೊನೆಗೆ ಆ ಲೆಕ್ಕ ತಪ್ಪಿದರೆ ಕಡಿಮೆ ಆದಾಯದವರು ವಾಪಸ್ ಕಟ್ಟುವುದಕ್ಕೆ ಮಿತಿ ಇತ್ತು. 2026ರಿಂದ ಆ ಮಿತಿಯೂ ಇಲ್ಲ. ತಗೊಂಡದ್ದರಲ್ಲಿ ಹೆಚ್ಚಾದದ್ದೆಲ್ಲ ವಾಪಸ್.

ನಮ್ಮವರು ಇಲ್ಲಿ ಮರೆಯುವುದು ಒಂದಿದೆ. ಜಯನಗರದ ಮನೆ ಬಾಡಿಗೆಯೂ ಆದಾಯವೇ. ಊರಿನ ಬ್ಯಾಂಕಿನ ಎಫ್‌ಡಿ ಬಡ್ಡಿಯೂ ಆದಾಯವೇ. ‘ಅದು ಎನ್‌ಆರ್‌ಇ, ಅನಿವಾಸಿಗಳ ಖಾತೆ, ಟ್ಯಾಕ್ಸ್ ಇಲ್ಲ’ ಅನ್ನುತ್ತಾರೆ. ಇಂಡಿಯಾದಲ್ಲಿ ಇಲ್ಲ. ಇಲ್ಲಿ ಇದೆ.

2025ರ ಡಿಸೆಂಬರ್ ಮೊದಲ ವಾರ ಡಲ್ಲಾಸ್ ಪಕ್ಕದ ಪ್ಲೇನೋದಿಂದ ಒಬ್ಬರು ಬಂದರು, ಜೊತೆಗೆ ಮನೆಯವರು. ಅವರಿಗೆ 61, ಆಕೆಗೆ 58. ಈ ಸಲ ಇನ್ಶೂರೆನ್ಸೇ ಬೇಡ ಅಂತ ತೀರ್ಮಾನ ಮಾಡಿ ಬಂದಿದ್ದರು. ಸಬ್ಸಿಡಿ ಇಲ್ಲದೆ ನಡುಮಟ್ಟದ ಸಿಲ್ವರ್ ಪ್ಲಾನ್ ತಿಂಗಳಿಗೆ 2,000 ಡಾಲರ್ ದಾಟುತ್ತಿತ್ತು. ಬಾಡಿಗೆ, ಬಡ್ಡಿ ಎಲ್ಲ ಸೇರಿ 2026ರ ಆದಾಯ ಸುಮಾರು 88,000 ಆಗಬಹುದು ಅಂದರು. ನಾನು ಕಾಗದದ ಮೇಲೆ ಬರೆದು ತೋರಿಸಿದೆ. 2026ರಿಂದ ಮಾರ್ಕೆಟ್‌ಪ್ಲೇಸ್‌ನ ಎಲ್ಲ ಬ್ರಾಂಜ್ ಪ್ಲಾನ್‌ಗಳ (ಸಿಲ್ವರ್‌ಗಿಂತ ಕೆಳಗಿನ ಮಟ್ಟ) ಜೊತೆಗೂ ಎಚ್‌ಎಸ್‌ಎ, ಅಂದರೆ ಆಸ್ಪತ್ರೆ ಖರ್ಚಿಗೆ ದುಡ್ಡು ಕೂಡಿಡುವ ಖಾತೆ ತೆರೆಯಬಹುದು. ಇಬ್ಬರನ್ನೂ ಸೇರಿಸಿದ ಪ್ಲಾನ್‌ಗೆ 8,750 ಡಾಲರ್ ಹಾಕಬಹುದು, 55 ದಾಟಿದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಹಾಕಿದ ದುಡ್ಡು ಆದಾಯದ ಲೆಕ್ಕದಿಂದ ಕಳೆಯುತ್ತೆ. 88,000ದಲ್ಲಿ 8,750 ಹೋದರೆ 79,250. ಗೆರೆಯ ಒಳಗೆ ಬಂದಿರಿ. ಸಬ್ಸಿಡಿ ಸಿಗುತ್ತೆ, ಖಾತೆಯ ದುಡ್ಡೂ ನಿಮ್ಮದೇ, ಡಾಕ್ಟರ ಖರ್ಚಿಗೆ ಬಳಸಬಹುದು. ಬ್ರಾಂಜ್ ಪ್ಲಾನ್‌ನಲ್ಲಿ ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ನಾವೇ ಕೊಡಬೇಕಾದ ಮೊತ್ತ ತುಂಬಾ ದೊಡ್ಡದು ಅನ್ನುವುದನ್ನೂ ಮುಚ್ಚಿಡಲಿಲ್ಲ.

ಇದು ಎಲ್ಲರಿಗೂ ಹೊಂದುವುದಿಲ್ಲ. ನಾನು ಟ್ಯಾಕ್ಸ್ ಮಾಡುವವಳಲ್ಲ. ನಿಮ್ಮ ಟ್ಯಾಕ್ಸ್ ಲೆಕ್ಕ ನೋಡುವ ಸಿಪಿಎ ಹತ್ತಿರ ಕೂತು ನಿಮ್ಮ ಅಂಕಿಗಳನ್ನು ಹಾಕಿ ನೋಡಿ, ಗೆರೆಗೆ ತೀರಾ ಹತ್ತಿರ ನಿಲ್ಲಬೇಡಿ. ವರ್ಷದ ಮಧ್ಯೆ ಷೇರು ಮಾರಿದರೆ ಲೆಕ್ಕ ಎಲ್ಲ ತಲೆಕೆಳಗು.

2027ರ ಇನ್ಶೂರೆನ್ಸ್‌ಗೆ ಇನ್ನೂ ಎರಡು ಬದಲಾವಣೆ ಇವೆ. 2025ರ ಜುಲೈನ ಕಾನೂನಿನಂತೆ 2027ರ ಜನವರಿಯಿಂದ ಎಚ್-1ಬಿ, ಎಚ್-4ನಂಥ ವೀಸಾದವರಿಗೆ ಸಬ್ಸಿಡಿ ಸಿಗುವುದಿಲ್ಲ. ಪೂರ್ತಿ ದುಡ್ಡು ಕೊಟ್ಟು ಪ್ಲಾನ್ ಕೊಳ್ಳಲು ಅಡ್ಡಿಯಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಸಬ್ಸಿಡಿಯ ದಾರಿ ಇದೆ. ಇನ್ನೊಂದು, ಬಾಗಿಲು ತೆರೆದಿರುವ ದಿನಗಳು. ನನ್ನ ಗಿರಾಕಿಗಳಿಗೆ ಈಚಿನ ಕೆಲವು ವರ್ಷ ‘ರಾಜ್ಯೋತ್ಸವದಿಂದ ಸಂಕ್ರಾಂತಿವರೆಗೆ’ ಅಂತ ಹೇಳಿಕೊಟ್ಟಿದ್ದೆ, ನವೆಂಬರ್ 1ರಿಂದ ಜನವರಿ 15. ಈಗಿನ ನಿಯಮದ ಪ್ರಕಾರ 2027ರ ಪ್ಲಾನ್‌ಗಳಿಂದ ಶುರುವಾಗಿ ಫೆಡರಲ್ ವೆಬ್‌ಸೈಟ್‌ನಲ್ಲಿ ಡಿಸೆಂಬರ್ 15ಕ್ಕೇ ಮುಚ್ಚುತ್ತೆ. ಧನುರ್ಮಾಸ ಹಿಡಿಯುವ ಮೊದಲು ಮುಗಿಸಿ ಅಂತ ಬದಲಾಯಿಸಿಕೊಂಡಿದ್ದೇನೆ.

ಪ್ಲೇನೋದವರು ಡಿಸೆಂಬರ್ 12ಕ್ಕೆ ಬ್ರಾಂಜ್ ಪ್ಲಾನ್ ಆರಿಸಿದರು. ಸೇರಿದ ಮಾತ್ರಕ್ಕೆ ಪಾಲಿಸಿ ಶುರುವಾಗುವುದಿಲ್ಲ, ಮೊದಲ ಪ್ರೀಮಿಯಂ ಕಟ್ಟಬೇಕು. ಅದಕ್ಕೆ 28ನೇ ತಾರೀಕು ನಾನೇ ಫೋನ್ ಮಾಡಿದೆ. “ಕಾಂಗ್ರೆಸ್ಸಲ್ಲಿ ಏನೋ ಮಾತುಕತೆ ನಡೀತಿದೆಯಂತೆ, ಎರಡು ದಿನ ನೋಡ್ತೀವಿ ಅಂತಿದ್ದಾರೆ ಇವರು” ಅಂದರು ಆಕೆ. ಲೈನಿನಲ್ಲೇ ಇರುತ್ತೇನೆ, ಈಗಲೇ ಕಟ್ಟಿ ಅಂದೆ. ಆಕೆ ಕಾರ್ಡ್ ಹುಡುಕಿದರು, ಕನ್ನಡಕ ಹುಡುಕಿದರು, ಅವರನ್ನು ಕರೆದರು, ಇಬ್ಬರೂ ಸೇರಿ ಒಂದೊಂದೇ ಅಂಕಿ ಓದಿ ಹಾಕಿದರು. ಹನ್ನೊಂದು ನಿಮಿಷ ಹಿಡಿಯಿತು. ರಸೀದಿಯ ಫೋಟೋ ವಾಟ್ಸಾಪ್‌ಗೆ ಬಂದ ಮೇಲೆ ಫೋನ್ ಇಟ್ಟೆ.